ಒಂದು ಕೈ ಖಾಲಿ ಇರಬೇಕು

ಭಾನುವಾರ ಮಧ್ಯಾಹ್ನ ಮೂರು ಗಂಟೆ. ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ಮಹಡಿ ಕೋಣೆ. ಚಾಪೆಯ ನಡುವೆ ಚೌಕ ಚೌಕವಾಗಿ ಗೆರೆ ಎಳೆದ ದೊಡ್ಡ ಹಾಳೆ. ಅದರ ಮೇಲೆ ರಾಕ್ಷಸರ ಜಾಗದಲ್ಲಿ ಹುಣಸೆಬೀಜ, ವೀರರ ಜಾಗದಲ್ಲಿ ಶರ್ಟಿನ ಗುಂಡಿ. ನಾನು ಇಪ್ಪತ್ತು ಮುಖದ ದಾಳ ಉರುಳಿಸಿ, ರಾಕ್ಷಸನ ಬಲವನ್ನು ಕೂಡಿ, "ಇಪ್ಪತ್ತೆರಡು, ಏಟು ಬಿತ್ತು" ಎನ್ನುತ್ತೇನೆ. ಎದುರಿಗೆ ಕೂತ ಗೆಳೆಯ ಚುರುಮುರಿ ಪೊಟ್ಟಣದಿಂದ ತಲೆ ಕೂಡ ಎತ್ತದೆ "ಶೀಲ್ಡ್" ಎನ್ನುತ್ತಾನೆ. ಮುಗಿಯಿತು. ಏಟು ಬೀಳಲಿಲ್ಲ.

ಒಂದು ವರ್ಷ ಎರಡು ತಿಂಗಳು ಈ ಒಂದು ಪದವನ್ನು ಕೇಳಿದ್ದೇನೆ. ಕೊನೆಗೆ ಆ ಪದದಿಂದಾಗಿ ನಮ್ಮ ಆಟದಿಂದ ಒಬ್ಬ ಹುಡುಗ ಎದ್ದು ಹೋದ. ತಪ್ಪು ಯಾರದು ಎಂದು ತಿಳಿಯಲು ನನಗೆ ಮೂರು ವಾರ ಹಿಡಿಯಿತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' 1974ರಲ್ಲಿ ಅಮೆರಿಕದಲ್ಲಿ ಅಚ್ಚಾದ ಆಟ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಅದನ್ನು ಬರೆದವರು. ಇದರಲ್ಲಿ ಗೆಲ್ಲುವವರು, ಸೋಲುವವರು ಎಂದಿಲ್ಲ. ಒಬ್ಬರು ಸೂತ್ರಧಾರರಾಗಿ ಲೋಕವನ್ನು ಕಟ್ಟುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ಅದರೊಳಗೆ ನಡೆಯುತ್ತಾರೆ. ವೇಷವಿಲ್ಲದೆ ಕೂತು ಮಾತಿನಲ್ಲೇ ಪಾತ್ರ ಕಟ್ಟುವ ನಮ್ಮ ತಾಳಮದ್ದಳೆಗೆ ಇದು ಹತ್ತಿರ. ವ್ಯತ್ಯಾಸವೆಂದರೆ ಇಲ್ಲಿ ಪ್ರಸಂಗ ಹೇಗೆ ಮುಗಿಯುತ್ತದೆಂದು ಭಾಗವತರಿಗೂ ಗೊತ್ತಿರುವುದಿಲ್ಲ. ಅನುಮಾನ ಬಂದಲ್ಲೆಲ್ಲ ದಾಳ ತೀರ್ಮಾನಿಸುತ್ತದೆ.

ನಮ್ಮ ಗುಂಪಿನಲ್ಲಿ ಸೂತ್ರಧಾರಳು ನಾನು. ನನ್ನ ತಮ್ಮ ಮಾಂತ್ರಿಕ. ಕಾಲೇಜಿನಲ್ಲಿ ನನ್ನ ಜೊತೆ ಓದಿದ ಗೆಳೆಯ ಯೋಧ. ಅದರಲ್ಲೂ ಅಲ್ಪಸ್ವಲ್ಪ ಮಂತ್ರ ಬಲ್ಲ 'ಎಲ್ಡ್ರಿಚ್ ನೈಟ್'. ಅವನ ಹೆಂಡತಿ ದೇವರ ಬಲದಿಂದ ಗಾಯ ಮಾಯಿಸುವ 'ಕ್ಲೆರಿಕ್'. ಪಕ್ಕದ ಮನೆಯ ಬಿ.ಎಸ್ಸಿ. ಕೊನೆಯ ವರ್ಷದ ಹುಡುಗ ಕಳ್ಳ. ಇವರ ನಿಜವಾದ ಹೆಸರು ಇಲ್ಲಿ ಬೇಡ. ಭಾನುವಾರ ಮೂರರಿಂದ ಏಳರವರೆಗೆ ನಾವು ಒಬ್ಬರನ್ನೊಬ್ಬರು ಕರೆಯುವುದೂ ಹೀಗೆಯೇ.

ಪ್ರತಿ ಪಾತ್ರಕ್ಕೂ ಒಂದು ರಕ್ಷಣೆಯ ಅಂಕ ಇರುತ್ತದೆ. ಶತ್ರುವಿನ ದಾಳಕ್ಕೆ ಅವನ ಬಲ ಸೇರಿ ಆ ಅಂಕ ಮುಟ್ಟಿದರೆ ಏಟು ಬಿದ್ದಂತೆ. ನಮ್ಮ ಯೋಧನದು 20. ಮೈತುಂಬಾ ಮುಚ್ಚುವ ಉಕ್ಕಿನ ಕವಚಕ್ಕೆ 18, ಎಡಗೈಯ ಗುರಾಣಿಗೆ 2. ಆ ಕವಚದ ಬೆಲೆ ಪುಸ್ತಕದ ಪ್ರಕಾರ 1500 ಚಿನ್ನದ ನಾಣ್ಯ. ಅದನ್ನು ಅವನೊಬ್ಬನೇ ಕೊಂಡದ್ದಲ್ಲ. ಒಂದು ಹಾಳು ಕೋಟೆಯಲ್ಲಿ ಸಿಕ್ಕ ಹಣವನ್ನು ನಾಲ್ವರೂ ಒಟ್ಟು ಹಾಕಿ, "ಮುಂದೆ ನಿಲ್ಲುವವನು ಅವನೇ ತಾನೆ" ಎಂದು ಅವನಿಗೆ ತೊಡಿಸಿದ್ದರು. ಆ ದಿನ ಎಲ್ಲರಿಗೂ ಖುಷಿಯೇ. ಮನೆಯಲ್ಲಿ ಮೊದಲ ಸಲ ಫ್ರಿಜ್ ತಂದ ಹಾಗೆ.

ಇದರ ಮೇಲೆ ಶೀಲ್ಡ್. ಅದು ಮೊದಲ ಮಟ್ಟದ, ಸಣ್ಣ ಮಂತ್ರ. ಏಟು ಬಿತ್ತು ಎಂದು ಸೂತ್ರಧಾರರು ಹೇಳಿದ ಮೇಲೂ, ನಮ್ಮ ಸರದಿ ಅಲ್ಲದಿದ್ದರೂ, ತಟ್ಟನೆ ಹಾಕಬಹುದು. ರಕ್ಷಣೆಯ ಅಂಕಕ್ಕೆ 5 ಕೂಡುತ್ತದೆ. ಬಿದ್ದ ಏಟೂ ಬೀಳದಂತಾಗುತ್ತದೆ. ನಮ್ಮ ಮುಂದಿನ ಸರದಿ ಬರುವವರೆಗೂ ಆ 5 ನಮ್ಮದೇ. ಮೈಮೇಲೆ ನೂಲಿನ ಬಟ್ಟೆಯಷ್ಟೇ ಇರುವ ಮಾಂತ್ರಿಕ ಒಂದೇ ಏಟಿಗೆ ಸಾಯಬಾರದೆಂದು ಹೊಂದುವ ಮಂತ್ರ ಇದು. ಏಳನೇ ಮಟ್ಟ ತಲುಪುವ ಹೊತ್ತಿಗೆ ನಮ್ಮ ಉಕ್ಕಿನ ಯೋಧ ಅದನ್ನು ದಿನಕ್ಕೆ ಆರು ಸಲ ಹಾಕಬಲ್ಲವನಾಗಿದ್ದ.

ಮೊದಲು ಗೊಣಗಿದವನು ನನ್ನ ತಮ್ಮ. ಅವನಿಗೂ ಅದೇ ಮಂತ್ರ ಇತ್ತು. ಒಂದು ರಾತ್ರಿ ಊಟದ ತಟ್ಟೆ ಪಕ್ಕಕ್ಕಿಟ್ಟು ಲೆಕ್ಕ ಹಾಕಿ ತೋರಿಸಿದ. "ನೋಡಕ್ಕಾ, ಗಾಬ್ಲಿನ್ನಿನ ಬಲ 4. ನನ್ನ ರಕ್ಷಣೆ 15. ಇಪ್ಪತ್ತು ಸಲ ಬೀಸಿದರೆ ನನಗೆ ಹತ್ತು ಏಟು ಬೀಳುತ್ತೆ. ಶೀಲ್ಡ್ ಹಾಕಿದರೆ ಐದು. ಅವನಿಗೆ ಮೊದಲೇ ಬೀಳೋದು ಐದು. ಶೀಲ್ಡ್ ಹಾಕಿದರೆ ಒಂದು. ಅದೂ ದಾಳದಲ್ಲಿ ಇಪ್ಪತ್ತೇ ಬಿದ್ದರೆ."

ತಪ್ಪಿಸಿಕೊಂಡ ಏಟುಗಳನ್ನು ಎಣಿಸಿದರೆ ಇಬ್ಬರಿಗೂ ಹೆಚ್ಚುಕಡಿಮೆ ಒಂದೇ. ಅವನಿಗೆ ಐದು, ಇವನಿಗೆ ನಾಲ್ಕು. ಆದರೆ ಎಷ್ಟು ಹೊತ್ತು ನಿಂತಿರಬಹುದು ಎಂದು ಕೇಳಿದರೆ ಉತ್ತರವೇ ಬೇರೆ. ಆ ಮಂತ್ರ ಹಾಕಿದ ಮಾಂತ್ರಿಕ ಮೊದಲಿಗಿಂತ ಎರಡರಷ್ಟು ಹೊತ್ತು ತಾಳುತ್ತಾನೆ, ಕವಚಧಾರಿ ಐದರಷ್ಟು. ಬಟ್ಟೆ ತೊಟ್ಟವನಿಗಾಗಿ ಇದ್ದ ಛತ್ರಿ, ಆಗಲೇ ಮನೆಯೊಳಗೆ ಕೂತವನಿಗೆ ಹೆಚ್ಚು ಉಪಯೋಗಕ್ಕೆ ಬಂದ ಹಾಗೆ. ರಕ್ಷಣೆಯ ಸ್ವಭಾವವೇ ಇದು. ಕತ್ತಿಯ ಬಲ ಒಂದರ ಮೇಲೆ ಒಂದು ಕೂಡುತ್ತಾ ಹೋಗುತ್ತದೆ. ರಕ್ಷಣೆ ಮಾತ್ರ, ಬೀಳುವ ಏಟು ಕಡಿಮೆಯಾದಷ್ಟೂ, ಮುಂದಿನ ಒಂದೊಂದು ಅಂಕಕ್ಕೂ ಹೆಚ್ಚು ಹೆಚ್ಚು ಬೆಲೆ ಪಡೆಯುತ್ತದೆ.

"ರಸ್ಟ್ ಮಾನ್ಸ್ಟರ್ ಬಿಟ್ಟುಬಿಡು" ಎಂದ ತಮ್ಮ. ಆಟದಲ್ಲಿ ಹಾಗೊಂದು ಪ್ರಾಣಿ ಇದೆ. ಅದರ ಮೀಸೆ ತಾಗಿದರೆ ಸಾಕು, ಕಬ್ಬಿಣ ತುಕ್ಕು ಹಿಡಿದು ಉದುರುತ್ತದೆ. ನನಗೆ ಮನಸ್ಸಾಗಲಿಲ್ಲ. ಬ್ರಾಹ್ಮಣನ ವೇಷದಲ್ಲಿ ಬಂದು ಕರ್ಣನ ಕವಚ ಕೇಳಿದ ಇಂದ್ರನ ಕೆಲಸ ಅದು ಅನ್ನಿಸಿತು. ಇಂದ್ರನಾದರೂ ಬದಲಿಗೆ ಶಕ್ತ್ಯಾಯುಧವನ್ನು ಕೊಟ್ಟು ಹೋದ. ನಾನು ಏನನ್ನೂ ಕೊಡದೆ ಕಸಿದುಕೊಳ್ಳುವವಳಾಗುತ್ತಿದ್ದೆ. ಅದಕ್ಕೆ ಇನ್ನೊಂದು ದಾರಿ ಹಿಡಿದೆ. ಅದು ನ್ಯಾಯದ ದಾರಿ ಎಂದೇ ನಂಬಿದ್ದೆ. ಅವನಿಗೂ ತಾಗುವಷ್ಟು ದೊಡ್ಡ ಶತ್ರುವನ್ನು ತಂದೆ.

ಬೆಂಕಿದೈತ್ಯನ ಬಲ 11. ಒಂದು ಸರದಿಗೆ ಎರಡು ಸಲ ಬೀಸುತ್ತಾನೆ. ಒಂದೊಂದು ಏಟಿಗೆ ಸರಾಸರಿ 28 ಜೀವದ ಅಂಕ ಹೋಗುತ್ತದೆ. ಶೀಲ್ಡ್ ಹಾಕಿದ ಯೋಧನಿಗೂ ಇಪ್ಪತ್ತರಲ್ಲಿ ಏಳು ಏಟು ಬಿದ್ದೇ ಬೀಳುತ್ತದೆ. ಈ ಲೆಕ್ಕ ಹಾಕಿ ನಾನು ನೆಮ್ಮದಿಯಿಂದ ಮಲಗಿದೆ. ಕಳ್ಳನ ರಕ್ಷಣೆ 16 ಎಂಬುದು, ಅವನಿಗೆ ಇಪ್ಪತ್ತರಲ್ಲಿ ಹದಿನಾರು ಏಟು ಬೀಳುತ್ತದೆಂಬುದು, ಅವನ ಬಳಿ ಇರುವ ಜೀವದ ಅಂಕ ಒಟ್ಟು 45 ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ನಾನು ಆ ಲೆಕ್ಕವನ್ನು ಹಾಕಲೇ ಇಲ್ಲ.

ಹಿರಣ್ಯಕಶಿಪುವಿನ ಕತೆ ನಮಗೆಲ್ಲ ಗೊತ್ತು. ಮನುಷ್ಯನಿಂದಲ್ಲ, ಪ್ರಾಣಿಯಿಂದಲ್ಲ, ಹಗಲಲ್ಲ, ಇರುಳಲ್ಲ, ಒಳಗಲ್ಲ, ಹೊರಗಲ್ಲ. ವರದ ಒಂದೊಂದು ಷರತ್ತೂ ಒಂದೊಂದು ಶೀಲ್ಡ್. ಅಷ್ಟು ಬಿಗಿಯಾಗಿ ಬೇಲಿ ಕಟ್ಟಿಕೊಂಡವನನ್ನು ಮುಟ್ಟಲು ಕತೆ ಒಬ್ಬ ನರಸಿಂಹನನ್ನೇ ಹುಟ್ಟಿಸಬೇಕಾಯಿತು. ಸೂತ್ರಧಾರರ ಪಾಡೂ ಇದೇ. ಆದರೆ ಕಂಬ ಒಡೆದು ಬಂದ ನರಸಿಂಹನಿಂದ ಅಲ್ಲೇ ನಿಂತಿದ್ದ ಪ್ರಹ್ಲಾದನ ಕೂದಲೂ ಕೊಂಕಲಿಲ್ಲ. ನನ್ನ ದೈತ್ಯನಿಗೆ ಅಷ್ಟು ವಿವೇಕ ಇರಲಿಲ್ಲ.

ಮೊದಲ ಸರದಿಯಲ್ಲೇ ಅವನು ಕಳ್ಳನ ಕಡೆ ತಿರುಗಿದ. ಕಳ್ಳನಿಗೂ ಒಂದು ಸ್ವಂತ ರಕ್ಷಣೆ ಇದೆ. ಮೈ ಬಳುಕಿಸಿ ಒಂದು ಏಟನ್ನು ಅರ್ಧಕ್ಕೆ ಇಳಿಸಿಕೊಳ್ಳಬಹುದು. 30 ಬಿದ್ದದ್ದನ್ನು 15 ಮಾಡಿಕೊಂಡ. ಎರಡನೆಯದು 34. ಬಿದ್ದ. ಕ್ಲೆರಿಕ್ ದೂರದಿಂದಲೇ ಒಂದು ಮಾತು ಹೇಳಿ ಎಬ್ಬಿಸಿದಳು. ಎದ್ದ, ಬಿದ್ದ. ಮತ್ತೆ ಎಬ್ಬಿಸಿದಳು. ಮೂರನೇ ಸಲ ಅವನು ಬಿದ್ದಾಗ ಅವಳೇ ನೆಲಕ್ಕೊರಗಿದ್ದಳು. ಬಿದ್ದವರು ಪ್ರತಿ ಸರದಿಗೂ ದಾಳ ಉರುಳಿಸಬೇಕು. ಹತ್ತಕ್ಕಿಂತ ಕಡಿಮೆ ಮೂರು ಸಲ ಬಂದರೆ ಸಾವು. ಹುಡುಗ ಉರುಳಿಸಿದ: ಏಳು. ನಾಲ್ಕು. ಒಂಬತ್ತು. ನಾವೆಲ್ಲ ಆ ಒಂಬತ್ತನ್ನೇ ನೋಡುತ್ತಾ ಕೂತೆವು. ಅಷ್ಟರಲ್ಲಿ ಯೋಧ ಎರಡೇ ಎರಡು ಏಟು ತಿಂದು, ನಾಲ್ಕು ಸಲ "ಶೀಲ್ಡ್" ಎಂದು, ದೈತ್ಯನನ್ನು ಕೆಡವಿದ.

ಸತ್ತವರನ್ನು ಒಂದು ನಿಮಿಷದೊಳಗೆ ಎಬ್ಬಿಸುವ ಮಂತ್ರ ಕ್ಲೆರಿಕ್‌ಗೆ ಗೊತ್ತಿತ್ತು. ಯೋಧ ಅವಳ ಬಾಯಿಗೆ ಔಷಧಿ ಹುಯ್ದು ಎಚ್ಚರಿಸಿದ. ಆದರೆ ಆ ಮಂತ್ರಕ್ಕೆ 300 ನಾಣ್ಯದ ವಜ್ರ ಬೇಕು. ವಜ್ರ ಯಾರ ಬಳಿಯೂ ಇರಲಿಲ್ಲ. ಕೊಳ್ಳೋಣ ಎಂದು ಅವಳು ಎರಡು ಸಲ ಹೇಳಿದ್ದಳಂತೆ. ಕವಚಕ್ಕೆ ಹೋದ ಮೇಲೆ ಗಂಟಿನಲ್ಲಿ ಏನೂ ಉಳಿದಿರಲಿಲ್ಲ. 1500 ನಾಣ್ಯ. ಐದು ವಜ್ರ. ಆ ಹಣದಲ್ಲಿ ಐದು ಸಲ ಎಬ್ಬಿಸಬಹುದಿತ್ತು.

ಹುಡುಗ ತನ್ನ ಹಾಳೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ. ಹದಿನಾಲ್ಕು ತಿಂಗಳಲ್ಲಿ ಉಜ್ಜಿ ಉಜ್ಜಿ ಬರೆದು ತೂತಾಗಿದ್ದ ಹಾಳೆ. ಚಪ್ಪಲಿ ಹಾಕಿಕೊಳ್ಳುವಾಗ ಮೆಟ್ಟಿಲ ಹತ್ತಿರ ಕೇಳಿದ: "ಅಕ್ಕಾ, ಆ ದೈತ್ಯ ನನಗೆ ಅಂತ ಬಂದಿದ್ದಲ್ಲ, ಅಲ್ವಾ?"

"ಆಟ ಅಂದ ಮೇಲೆ ಹೀಗೆಲ್ಲ ಆಗುತ್ತೆ ಕಣೋ" ಎಂದೆ. ಅದು ಉತ್ತರವಾಗಿರಲಿಲ್ಲ. ಮುಂದಿನ ಭಾನುವಾರ ಇಂಟರ್ನಲ್ಸ್ ಇದೆ ಎಂದು ಹೇಳಿ ಕಳಿಸಿದ. ಅದರ ಮುಂದಿನ ವಾರವೂ ಇಂಟರ್ನಲ್ಸ್. ಬೆಳಿಗ್ಗೆ ಹಾಲು ತರುವಾಗ ಎದುರಾದರೆ ನಗುತ್ತಿದ್ದ, ನಿಲ್ಲುತ್ತಿರಲಿಲ್ಲ.

ಆ ದಿನಗಳಲ್ಲಿ ನಾನು ಪುಸ್ತಕ ತೆರೆದು ಕೂತೆ. ನಾವು ಆಡುವುದು 2014ರ ಆವೃತ್ತಿ. ಶೀಲ್ಡನ್ನು ಹೇಗೆ ದುರ್ಬಲಗೊಳಿಸುವುದು, 5ನ್ನು 3 ಮಾಡಲೇ, ದಿನಕ್ಕೆ ಎರಡೇ ಸಲ ಎನ್ನಲೇ ಎಂದು ಹುಡುಕುತ್ತಿದ್ದೆ. ಸಿಕ್ಕಿದ್ದು ಬೇರೆ. ಕೈಸನ್ನೆ ಬೇಕಾದ ಮಂತ್ರ ಹಾಕಲು ಒಂದು ಕೈಯಾದರೂ ಖಾಲಿ ಇರಬೇಕು. ಶೀಲ್ಡಿಗೆ ಕೈಸನ್ನೆ ಬೇಕು. ನಮ್ಮ ಯೋಧನ ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ಗುರಾಣಿ. 'ವಾರ್ ಕಾಸ್ಟರ್' ಎಂಬ ವಿದ್ಯೆ ಕಲಿತಿದ್ದರೆ ಕೈ ತುಂಬಿದ್ದರೂ ನಡೆಯುತ್ತಿತ್ತು. ಅದನ್ನು ಅವನು ಕಲಿತಿರಲಿಲ್ಲ. ಅಂದರೆ ಹದಿನಾಲ್ಕು ತಿಂಗಳು ಅವನು ಹಾಕಿದ ಒಂದೊಂದು ಶೀಲ್ಡೂ ನಿಯಮದ ಪ್ರಕಾರ ಬೀಳಲೇ ಕೂಡದಿತ್ತು.

ಅವನು ಮೋಸ ಮಾಡಿದ್ದಲ್ಲ. ಮೊದಲ ವಾರವೇ ಕೇಳಿದ್ದ, "ಕೈ ಖಾಲಿ ಇರಬೇಕೇನೇ?" ಎಂದು. "ಅಯ್ಯೋ, ಯಾವ ಕೈಯಲ್ಲಿ ಏನಿದೆ ಅಂತ ಯಾರು ಲೆಕ್ಕ ಇಡ್ತಾರೆ, ಬಿಡು" ಎಂದವಳು ನಾನೇ.

ಮತ್ತೆ ಓದುತ್ತಾ ಹೋದಂತೆ ಕಂಡದ್ದು, ಈ ಆಟದಲ್ಲಿ ರಕ್ಷಾಮಂತ್ರಗಳ ತೂಕವೆಲ್ಲ ಇಂಥ ಬೇಸರದ ಸಾಲುಗಳಲ್ಲೇ ಅಡಗಿದೆ. ಐದು ಅಥವಾ ಎಂಟು ಎಂಬ ಅಂಕಿಯಲ್ಲಿ ಇರುವುದು ಸ್ವಲ್ಪ ಮಾತ್ರ. ಒಂದು ಸುತ್ತಿಗೆ ಒಂದೇ ಸಲ ಹೀಗೆ ತಟ್ಟನೆ ಎದುರಿಸಬಹುದು. ಶೀಲ್ಡ್ ಹಾಕಿದವರಿಗೆ ಅದೇ ಸುತ್ತಿನಲ್ಲಿ ಶತ್ರುವಿನ ಮಂತ್ರವನ್ನು ಕಡಿಯುವ 'ಕೌಂಟರ್‌ಸ್ಪೆಲ್' ಇಲ್ಲ. ಹಲವು ರಕ್ಷೆಗಳಿಗೆ ಏಕಾಗ್ರತೆ ಬೇಕು. ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಬೇಕು, ಮಂತ್ರ ಹಾಕಿದವರಿಗೆ ಪೆಟ್ಟು ಬಿದ್ದರೆ ಎರಡೂ ಹೋದೀತು. ಒಂದಕ್ಕೆ ವಜ್ರದ ಪುಡಿ, ಇನ್ನೊಂದಕ್ಕೆ ಇಷ್ಟೇ ಅಡಿ ದೂರ.

'ಸ್ಟೋನ್‌ಸ್ಕಿನ್' ಎಂಬ ಹಳೆಯ ಮಂತ್ರವೊಂದರ ಚರಿತ್ರೆ ನೋಡಿದರೆ ಇದು ಚೆನ್ನಾಗಿ ತಿಳಿಯುತ್ತದೆ. 1989ರ ಎರಡನೇ ಆವೃತ್ತಿಯಲ್ಲಿ ಅದು ಇಂತಿಷ್ಟು ಏಟುಗಳನ್ನು ಪೂರ್ತಿ ನುಂಗಿಬಿಡುತ್ತಿತ್ತು. ಏಟು ದೊಡ್ಡದೋ ಸಣ್ಣದೋ ನೋಡುತ್ತಿರಲಿಲ್ಲ. ದೈತ್ಯನ ಗದೆಯೂ ಒಂದು ಏಟು, ಎಸೆದ ಬೆಣಚುಕಲ್ಲೂ ಒಂದು ಏಟು. ಆದ್ದರಿಂದ ಜಾಣ ಶತ್ರು ಮೊದಲು ಹಿಡಿ ತುಂಬಾ ಕಲ್ಲು ತೂರಿ ಆ ಚರ್ಮ ಸವೆಸುತ್ತಿದ್ದ. 2000ದ ಮೂರನೇ ಆವೃತ್ತಿಯಲ್ಲಿ ಅದು ಏಟಿನ ಬದಲು ನೋವನ್ನು ಎಣಿಸತೊಡಗಿತು. ಪ್ರತಿ ಏಟಿನಲ್ಲೂ ಹತ್ತನ್ನು ತಡೆದು, ಮಿತಿ ಮುಟ್ಟಿದಾಗ ಕರಗುತ್ತಿತ್ತು. ನಮ್ಮ 2014ರ ಪುಸ್ತಕದಲ್ಲಿ ಮಾಮೂಲಿ ಆಯುಧಗಳ ಪೆಟ್ಟನ್ನು ಅರ್ಧ ಮಾಡುತ್ತದೆ, ಅಷ್ಟೇ. ಅದಕ್ಕೂ ಏಕಾಗ್ರತೆ ಬೇಕು, 100 ನಾಣ್ಯದ ವಜ್ರದ ಪುಡಿ ಸುಡಬೇಕು. 2024ರ ಹೊಸ ಪುಸ್ತಕದಲ್ಲಿ ಕೌಂಟರ್‌ಸ್ಪೆಲ್ಲಿಗೂ ಹೀಗೇ ಆಯಿತು. ಮೊದಲು ಸಣ್ಣ ಮಂತ್ರಗಳನ್ನು ಅದು ಕೇಳದೆ ಕತ್ತರಿಸಿ ಹಾಕುತ್ತಿತ್ತು. ಈಗ ಎದುರಾಳಿ ದಾಳ ಉರುಳಿಸಿ ಉಳಿದುಕೊಳ್ಳಬಹುದು, ಸೋತರೂ ಅವನ ಶಕ್ತಿ ವ್ಯರ್ಥವಾಗುವುದಿಲ್ಲ. ಶೀಲ್ಡ್ ಮಾತ್ರ ಹಾಗೇ ಉಳಿದಿದೆ.

ಹತ್ತಾರು ವರ್ಷಗಳಿಂದ ಈ ಪುಸ್ತಕ ಬರೆಯುವವರು ಮತ್ತೆ ಮತ್ತೆ ಕೇಳಿಕೊಳ್ಳುತ್ತಿರುವ ಪ್ರಶ್ನೆ, ಇದರ ಬೆಲೆಯನ್ನು ಯಾರು ಕೊಡುತ್ತಾರೆ ಎಂಬುದು. ರಕ್ಷಣೆ ಎಂದರೆ ಏಟು ಮಾಯವಾಗುವುದಲ್ಲ. ಅದು ಎಲ್ಲಿಗೋ ಹೋಗುತ್ತದೆ. ಖಾಲಿ ಇಟ್ಟ ಕೈಗೆ, ಸುಟ್ಟ ವಜ್ರಕ್ಕೆ, ಬಿಟ್ಟುಕೊಟ್ಟ ಇನ್ನೊಂದು ಮಂತ್ರಕ್ಕೆ. ಆ ಬೇಸರದ ಸಾಲನ್ನು ನಾನು ಹೊಡೆದುಹಾಕಿದಾಗ ಬೆಲೆ ರದ್ದಾಗಲಿಲ್ಲ. ವಿಳಾಸ ಬದಲಾಯಿತು. ಪಕ್ಕದಲ್ಲಿ ಕೂತ, ರಕ್ಷಣೆ 16ರ ಹುಡುಗನ ಮನೆಗೆ ಹೋಯಿತು.

ಗೆಳೆಯನಿಗೆ ಇದನ್ನು ಎಲ್ಲರೆದುರು ಹೇಳಲು ಮನಸ್ಸಾಗಲಿಲ್ಲ. ಆಟ ಮುಗಿದ ಮೇಲೆ ಗೇಟಿನ ಹತ್ತಿರ ಅವನು ಸ್ಕೂಟರ್ ತಿರುಗಿಸುವಾಗ ಹೇಳಿದೆ. "ಕೈ ಖಾಲಿ ಇರಬೇಕಂತೆ ಕಣೋ. ತಪ್ಪು ನಂದೇ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನೋಡು, ನಗಬೇಡ" ಎಂದ. "ಅಪ್ಪನಿಗೆ ವಾರಕ್ಕೆ ಮೂರು ಡಯಾಲಿಸಿಸ್. ಮಂಗಳವಾರ ಅವಳು ಕರ್ಕೊಂಡು ಹೋಗ್ತಾಳೆ, ಗುರುವಾರ, ಶನಿವಾರ ನಾನು. ವಾರವೆಲ್ಲಾ ಏನೋ ಒಂದು ತಾಗ್ತಾನೇ ಇರುತ್ತೆ. ರಿಪೋರ್ಟು, ಬಿಲ್ಲು, ಆಫೀಸಿನವರ ಮಾತು. ಭಾನುವಾರ ನಾಲ್ಕು ಗಂಟೆ ನನಗೇನೂ ತಾಗಬಾರದು ಅಂತ ಇತ್ತು. ಅಷ್ಟೇ ಕಣೇ."

ಅವನ ಅಪ್ಪನಿಗೆ ಹುಷಾರಿಲ್ಲವೆಂದು ಗೊತ್ತಿತ್ತು. ಉಳಿದದ್ದು ಗೊತ್ತಿರಲಿಲ್ಲ. ಒಂದು ವರ್ಷದಿಂದ ನಾನು ಅವನನ್ನು ಅಂಕಿಗಳ ಆಸೆಬುರುಕ ಎಂದುಕೊಂಡಿದ್ದೆ. ಹಾಗೇ ಇರಲಿ ಬಿಡು, ನಿಯಮ ಗಿಯಮ ಏನೂ ಬೇಡ ಎನ್ನಬೇಕೆನ್ನಿಸಿತು. ಹುಡುಗನ ಹಾಳೆ ನೆನಪಾಗಿ ಅದನ್ನೂ ಹೇಳಲಾಗಲಿಲ್ಲ. "ಮುಂದಿನ ವಾರ ಎಲ್ಲರೂ ಕೂತು ಮಾತಾಡೋಣ" ಎಂದೆ. ಅವನು ಹೆಲ್ಮೆಟ್ ಹಾಕಿಕೊಂಡ.

ಹುಡುಗನ ಮನೆಗೆ ಆ ರಾತ್ರಿಯೇ ಹೋದೆ. "ನೀನು ಕೇಳಿದ್ದಕ್ಕೆ ಅವತ್ತು ಉತ್ತರ ಹೇಳಲಿಲ್ಲ. ದೈತ್ಯ ನಿನಗೆ ಅಂತ ಬಂದಿದ್ದಲ್ಲ. ನಿನ್ನನ್ನು ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ" ಎಂದೆ. ಅವನ ಅಮ್ಮ ಯಾವ ದೈತ್ಯನೆಂದು ತಿಳಿಯದೆ ಇಬ್ಬರನ್ನೂ ನೋಡುತ್ತಾ ಕಾಫಿ ತಂದಿಟ್ಟರು.

ಮುಂದಿನ ಭಾನುವಾರ ಐವರೂ ಕೂತೆವು. ನಾನು ಆ ಸಾಲನ್ನು ಓದಿ, ನನ್ನ ತಪ್ಪು ಹೇಳಿ, ತೀರ್ಮಾನ ನಿಮ್ಮದು ಎಂದೆ. ಯೋಧ ಯಾರೂ ಮಾತಾಡುವ ಮೊದಲೇ ತನ್ನ ಹಾಳೆಯಲ್ಲಿ 20ನ್ನು ಉಜ್ಜಿ 18 ಎಂದು ಬರೆದ. ಗುರಾಣಿ ಬಿಟ್ಟ. ಎರಡೂ ಕೈಯಲ್ಲಿ ಹಿಡಿಯುವ ದೊಡ್ಡ ಕತ್ತಿ ತೆಗೆದುಕೊಂಡ. ಬೀಸದಿರುವಾಗ ಅದನ್ನು ಒಂದೇ ಕೈಯಲ್ಲಿ ಹಿಡಿಯಬಹುದು, ಇನ್ನೊಂದು ಖಾಲಿ. ಶೀಲ್ಡ್ ಹಾಕಿದರೆ 23. ಆಗಲೂ ಗಟ್ಟಿಗನೇ. ಆದರೆ ಅವತ್ತು ಒಂದು ಸಾಧಾರಣ ಓಗರ್‌ನ ಗದೆ ಶೀಲ್ಡನ್ನೂ ದಾಟಿ ಅವನಿಗೆ ಬಿತ್ತು. ಹದಿನೈದು ಅಂಕ ಹೋಯಿತು. ಅವನು "ಅಯ್ಯೋ" ಎಂದ ರೀತಿಗೆ ಎಲ್ಲರೂ ನಕ್ಕೆವು, ಅವನೂ ನಕ್ಕ.

ಹುಡುಗ ಹೊಸ ಹಾಳೆ ತಂದಿದ್ದ. ಮತ್ತೆ ಕಳ್ಳನೇ. ಹಳೆಯವನ ತಂಗಿಯಂತೆ, ಅಣ್ಣನನ್ನು ಹುಡುಕಿಕೊಂಡು ಬಂದವಳು. ರಕ್ಷಣೆ 16.

ಕ್ಲೆರಿಕ್ ಇಷ್ಟು ದಿನ ಬಳಸದ ಒಂದು ಮಂತ್ರವನ್ನು ಅವತ್ತು ಬರೆದುಕೊಂಡಳು: 'ವಾರ್ಡಿಂಗ್ ಬಾಂಡ್'. ಅದಕ್ಕೆ ಒಂದು ಜೊತೆ ಪ್ಲಾಟಿನಂ ಉಂಗುರ ಬೇಕು. ಯೋಧನ ಗುರಾಣಿಯನ್ನೂ ಇನ್ನೇನೇನನ್ನೋ ಮಾರಿ ಕೊಂಡರು. ಒಂದು ಅವಳ ಬೆರಳಿಗೆ, ಒಂದು ಹೊಸ ಕಳ್ಳಿಯ ಬೆರಳಿಗೆ. ಒಂದು ಗಂಟೆಯವರೆಗೆ ಕಳ್ಳಿಗೆ ಬೀಳುವ ಪೆಟ್ಟೆಲ್ಲ ಅರ್ಧ. ಅವಳಿಗೆ ಎಷ್ಟು ತಾಗಿತೋ ಅಷ್ಟೇ ಪೆಟ್ಟು ಮಂತ್ರ ಹಾಕಿದವಳಿಗೂ. ಇಬ್ಬರ ನಡುವೆ 60 ಅಡಿಗಿಂತ ಹೆಚ್ಚು ದೂರವಾದರೆ ಮಂತ್ರ ಕಡಿಯುತ್ತದೆ. ನಾನು ಓದಿದ ರಕ್ಷಾಮಂತ್ರಗಳಲ್ಲಿ ಬೆಲೆಯನ್ನು ಇಷ್ಟು ನೇರವಾಗಿ ಬರೆದಿಟ್ಟದ್ದು ಬೇರೊಂದಿಲ್ಲ.

ನಮ್ಮ ಹಾಳೆಯ ಮೇಲೆ ಒಂದು ಮನೆ ಎಂದರೆ ಐದು ಅಡಿ. ಈಗ ಪ್ರತಿ ಸರದಿಗೂ ಅವಳು ಚಾಪೆಯ ಮೇಲೆ ಬಗ್ಗಿ, ಚೌಕಾಬಾರ ಆಡುವವರ ಹಾಗೆ, ಬೆರಳಿನಿಂದ ಮನೆ ಎಣಿಸುತ್ತಾಳೆ. ಗಂಡ ಪಕ್ಕದಲ್ಲಿ ಕೂತು ಅವಳ ಜೀವದ ಅಂಕವನ್ನು ತನ್ನ ಹಾಳೆಯ ಮೂಲೆಯಲ್ಲಿ ಬರೆದಿಟ್ಟುಕೊಳ್ಳುತ್ತಾನೆ. ಹುಡುಗ ಎಂದಿನಂತೆ ಎಲ್ಲರಿಗಿಂತ ಮುಂದೆ ಓಡುತ್ತಾನೆ.

"ಹತ್ತು, ಹನ್ನೊಂದು, ಹನ್ನೆರಡು. ಅಲ್ಲೇ ನಿಲ್ಲೋ ಮಾರಾಯ" ಎನ್ನುತ್ತಾಳೆ ಅವಳು. "ಇನ್ನೊಂದು ಮನೆ ಹೋದರೆ ನನ್ನ ಕೈಗೆ ಸಿಗಲ್ಲ ನೀನು."